ಕೆರೆಯಲ್ಲ, ಗೆರೆ

ಹೋದ ವಾರ ಮೊಮ್ಮಗಳು ಕಿನ್ನಾಳದಿಂದ ಮರದ ಗಿಣಿಯೊಂದನ್ನು ತಂದಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅವಸರಕ್ಕೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದರು. ಬಿಚ್ಚಿದ ಕೂಡಲೇ ಅಂಟಿನ ವಾಸನೆ ಬಂತು. ಕಣ್ಣಿಗೆ ತೀಡಿದ ಕಪ್ಪಿನಲ್ಲಿ ದೀಪದ ಮಸಿಯ ವಾಸನೆಯೂ ಇತ್ತು. ನಾನು ಅದನ್ನು ಮೂಗಿಗೆ ಹಿಡಿದುಕೊಂಡು ಸುಮ್ಮನೆ ಕೂತದ್ದನ್ನು ಕಂಡು ಅವಳಿಗೆ ನಗು. "ಅಜ್ಜೀ, ಅದೇನ ಮಲ್ಲಿಗಿ ಹೂವೇನ?" ಎಂದಳು. ಹೂವಲ್ಲವೆಂದು ನನಗೂ ಗೊತ್ತಿತ್ತು. ಅದು ಮುನಶಿ ಕಾಕಾರ ಶಾಯಿಯ ವಾಸನೆ... ಎಷ್ಟು ವರ್ಷಗಳಾದವು ಎಂದು ಲೆಕ್ಕ ಹಾಕಲು ಹೋಗಿ ನಡುವೆಯೇ ಬಿಟ್ಟೆ.

ಮುನಶಿ ಕಾಕಾ ನಮ್ಮ ಅಪ್ಪನ ಗುಮಾಸ್ತರು. ಅಪ್ಪ ಕೊಪ್ಪಳದಲ್ಲಿ ವಕೀಲಿ ಮಾಡುತ್ತಿದ್ದ. ಆಗ ನಮ್ಮದು ನಿಜಾಮರ ಸೀಮೆ. ಕೋರ್ಟು ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಹಳೆಯವು ಫಾರ್ಸಿಯಲ್ಲಿ. ಮನೆಯಲ್ಲಿ ಜಗಳಾಡುವುದು ಒಂದು ಭಾಷೆ, ಆ ಜಗಳವನ್ನು ಕೋರ್ಟಿಗೆ ಬರೆದು ಕೊಡುವುದು ಇನ್ನೊಂದು ಭಾಷೆ. ಹೀಗಾಗಿ ಮುನಶಿ ಇಲ್ಲದ ವಕೀಲನಿಗೆ ಕೈಯೇ ಇಲ್ಲ. ಕಾಕಾ ಹರೆಯದಲ್ಲಿ ಯಾವುದೋ ತಾಲೂಕು ಕಚೇರಿಯಲ್ಲಿ ಹಳೆಯ ಕಾಗದಗಳ ನಕಲು ತೆಗೆಯುತ್ತಿದ್ದರಂತೆ. ನಾನು ಕಣ್ಣು ಬಿಟ್ಟಾಗಿನಿಂದ ಕಂಡದ್ದು ನಮ್ಮ ಪಡಸಾಲೆಯಲ್ಲಿ. ಗೋಡೆಗೆ ಬೆನ್ನು ಕೊಟ್ಟು, ಬಲ ಮೊಣಕಾಲು ಎತ್ತಿ, ಅದರ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ರುಮಾಲು ತೆಗೆದು ಪಕ್ಕಕ್ಕಿಟ್ಟರೆಂದರೆ ಕೆಲಸ ಶುರುವಾಯಿತೆಂದು ಅರ್ಥ. ಶಾಯಿಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ದೀಪದ ಮಸಿ, ನೆನೆಸಿದ ಜಾಲಿ ಅಂಟು, ಇನ್ನೇನೋ ಒಂದೆರಡು... ಅರೆಯುವಾಗ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಅವರದೊಂದು ಹಟವಿತ್ತು. ಮುಂದಿರುವ ಕಾಗದದಲ್ಲಿ ಏನಿದೆಯೋ ಅದನ್ನೇ ಇಳಿಸಬೇಕು. ಮೂಲದಲ್ಲಿ ಹುಳ ತಿಂದ ತೂತಿದ್ದರೆ ನಕಲಿನಲ್ಲೂ ಅಷ್ಟೇ ಅಗಲದ ಜಾಗ ಖಾಲಿ ಬಿಡುತ್ತಿದ್ದರು. ಬರೆಸಿದವನು ತನ್ನ ಅಪ್ಪನ ಹೆಸರನ್ನೇ ತಪ್ಪು ಬರೆಸಿದ್ದರೆ ಆ ತಪ್ಪನ್ನೂ ಚೆಂದವಾಗಿ ಇಳಿಸುತ್ತಿದ್ದರು. "ತಿದ್ದಬಾರದೇನ್ರಿ ಕಾಕಾ?" ಎಂದು ನಾನು ಕೆಣಕುತ್ತಿದ್ದೆ. "ನಕಲು ಅಂದ್ರ ನಕಲು, ತಂಗೀ. ತಿದ್ದಿದ್ರ ಅದು ನಂದಾಗ್ತೈತಿ" ಎನ್ನುತ್ತಿದ್ದರು. ಇಂಥವರ ಕೈಗೆ ನನ್ನ ಮಕಾಲಾ ಹೋಯಿತು.

ನಾನು ಹೈದರಾಬಾದಿನ ಒಂದು ಕಾಲೇಜಿನಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಆನರ್ಸ್ ಓದುತ್ತಿದ್ದೆ. ಕೊನೆಯ ವರ್ಷ ಒಂದು ವಿಷಯ ಹಿಡಿದು ಸ್ವಂತ ಪ್ರಬಂಧ ಬರೆದು ಒಪ್ಪಿಸಬೇಕು. ಅದಕ್ಕೆ ಉರ್ದುವಿನಲ್ಲಿ ಮಕಾಲಾ ಎನ್ನುತ್ತಿದ್ದರು. ಬರೆದು ಮುಗಿಸಲೆಂದು ರಜೆಗೆ ಊರಿಗೆ ಬಂದಿದ್ದೆ. ಅವ್ವನ ಬಾಯಲ್ಲಿ ಅದು 'ಮಕಾಲಿ' ಆಯಿತು. ಹೊಸದಾಗಿ ಕಟ್ಟಿದ ಆಕಳನ್ನು ವಿಚಾರಿಸುವವಳಂತೆ "ನಿನ್ನ ಮಕಾಲಿ ಹೆಂಗೈತಿ?" ಎಂದು ಕೇಳುತ್ತಿದ್ದಳು. ಗಡುವಿನ ದಿನ ಸಂಜೆಯೊಳಗೆ ಪ್ರತಿ ಕಾಲೇಜಿನಲ್ಲಿರಬೇಕು. ತಪ್ಪಿದರೆ ಆನರ್ಸ್ ಇಲ್ಲ, ಬರೀ ಪಾಸು. ಬರೀ ಪಾಸಾದವರಿಗೆ ಎಂ.ಎ.ಗೆ ಬಾಗಿಲು ಮುಚ್ಚಿದಂತೆ. ನನಗೆ ಎಂ.ಎ. ಬೇಕಿತ್ತು, ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು. ದೊಡ್ಡಪ್ಪ ಆಗಲೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದ. ಆನರ್ಸ್ ಬಂದರೆ ಹುಡುಗಿ ಇನ್ನೆರಡು ವರ್ಷ ಓದಲಿ, ಬರದಿದ್ದರೆ ಗಂಗಾವತಿಯ ಸಾವುಕಾರರ ಮನೆಯವರು ನೋಡಲು ಬರುತ್ತಾರೆ. ಹುಡುಗ ಒಳ್ಳೆಯವನಂತೆ. ಇರಬಹುದು, ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ದೊಡ್ಡಪ್ಪನ ಮೇಲೆ. ಅವನು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಪೈಕಿ. ಮುಹೂರ್ತವನ್ನೂ ನೋಡಿಸಿ ಇಟ್ಟಿದ್ದ.

ನನ್ನ ವಿಷಯ ನಮ್ಮ ಸೀಮೆಯ ಹಳೆಯ ಕೆರೆಗಳು. ಅದರಲ್ಲಿ ಮೂರನೆಯ ಅಧ್ಯಾಯವೆಂದರೆ ನನಗೆ ಎಲ್ಲಿಲ್ಲದ ಹೆಮ್ಮೆ. ಯಲಬುರ್ಗಾ ಕಡೆಯ ಒಂದು ಸಣ್ಣ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಕೆರೆಯೊಂದನ್ನು ನಾನು ಕಂಡುಹಿಡಿದಿದ್ದೆ. ಕಣ್ಣಾರೆ ಕಂಡದ್ದಲ್ಲ, ಕಾಗದದಲ್ಲಿ ಕಂಡದ್ದು. ಎಂದೋ ರಾಜಿಯಾದ ಒಂದು ವ್ಯಾಜ್ಯದ ಕಟ್ಟು ಅಪ್ಪನ ಟ್ರಂಕಿನಲ್ಲಿತ್ತು. ಅದರೊಳಗೆ ಹಳೆಯ ಇನಾಮು ಸನದಿನ, ಅಂದರೆ ಗುಡಿಗೆ ಹೊಲ ಬಿಟ್ಟುಕೊಟ್ಟ ಪತ್ರದ, ನಕಲು ಸಿಕ್ಕಿತು. ಗುಡಿಯಿಂದ ಹುಣಸೆ ತೋಪಿನವರೆಗೆ, ಎಂದು ಫಾರ್ಸಿಯಲ್ಲಿ ಬರೆದು, ಅದರ ಮುಂದೆ ಒಂದೇ ಒಂದು ಕನ್ನಡ ಶಬ್ದವನ್ನು ಫಾರ್ಸಿ ಅಕ್ಷರದಲ್ಲಿ ಬರೆದಿತ್ತು: ಕೆರೆ. ಅವರ ತಾಲಾಬು ಅಲ್ಲ, ನಮ್ಮ ಕೆರೆ! ಆ ಒಂದು ಶಬ್ದದ ಮೇಲೆ ಇಪ್ಪತ್ತು ಪುಟ ಕಟ್ಟಿದೆ. ಏರಿ ಯಾವ ಕಡೆಗಿತ್ತು, ನೀರು ಎಷ್ಟು ಹೊಲಕ್ಕೆ ಹರಿಯುತ್ತಿತ್ತು, ಯಾವಾಗ ಒಡೆದಿರಬೇಕು, ಎಲ್ಲ ಬರೆದೆ. ಕರಡು ಓದಿದ ಪ್ರೊಫೆಸರ್ ಸಾಹೇಬರು, ನಿನ್ನ ಮಕಾಲಾ ಎಂದರೆ ಈ ಅಧ್ಯಾಯವೇ ಎಂದು ಕಾಗದ ಹಾಕಿದರು. ಅವರಿಗೆ ಕನ್ನಡ ಬಾರದು. ಕೆರೆ ಎಂದರೆ ತಾಲಾಬು ಎಂದು ಅವರಿಗೆ ಹೇಳಿಕೊಟ್ಟವಳು ನಾನೇ.

ಅದು ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಅಂಗಡಿಯವರು ಬೆಲ್ಲವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು. ಅಪ್ಪ ಯಾರಯಾರದೋ ಕೈಕಾಲು ಹಿಡಿದು ಎಂಬತ್ತು ಒಳ್ಳೆಯ ಹಾಳೆ ತಂದಿದ್ದ. ಅದಕ್ಕಿಂತ ಒಂದು ಹೆಚ್ಚು ಬೇಕೆಂದರೂ ಇಲ್ಲ. ಉರ್ದುವಿನ ಶುದ್ಧಪ್ರತಿಯನ್ನು ಕೈಯಿಂದಲೇ ಬರೆಯಬೇಕು, ಅದು ಕಣ್ಣಿಗೆ ಮುತ್ತು ಪೋಣಿಸಿದಂತೆ ಕಾಣಬೇಕು. ನನ್ನ ಕೈಬರಹ ಕೋಳಿ ಕೆದರಿದ ಹಾಗೆ. ಕಾಕಾ ರುಮಾಲು ತೆಗೆದಿಟ್ಟು ಕೂತರು.

ಆ ದಿನಗಳಲ್ಲಿ ಮನೆಯೆಲ್ಲ ತುದಿಗಾಲಿನಲ್ಲಿ ನಡೆಯಿತು. ನೆಲ ಅದುರಿ ಅಕ್ಷರ ಕೆಟ್ಟೀತೆಂದು ಅವ್ವ ಖಾರ ಕುಟ್ಟುವುದನ್ನೇ ನಿಲ್ಲಿಸಿದಳು. ಕಾಕಾ ಬರೆದ ಹಾಳೆಗಳನ್ನು ನಾನು ಒಂದೊಂದಾಗಿ ಎತ್ತಿ ಹಾಸಿಗೆಯ ಮೇಲೆ ಹರಡಿ ಒಣಗಿಸುತ್ತಿದ್ದೆ. ಏಳನೆಯ ದಿನಕ್ಕೆ ನಲವತ್ತೆಂಟು ಹಾಳೆಗಳಾದವು. ಮೂರನೆಯ ಅಧ್ಯಾಯ ಮುಗಿಯುತ್ತ ಬಂದಿತ್ತು. ಅದರ ಕೊನೆಗೆ ಸಾಕ್ಷಿಯಾಗಿ ಆ ಸನದಿನ ಸಾಲುಗಳನ್ನು ಹಾಗೆಯೇ ಇಳಿಸಬೇಕಾಗಿತ್ತು. ಕಾಕಾ ಹಳೆಯ ನಕಲನ್ನು ಕೇಳಿ ಇಸಿದುಕೊಂಡರು. ಕಣ್ಣಿನ ಹತ್ತಿರ ಹಿಡಿದರು. ಬೆಳಕಿಗೆ ಹೋಗಿ ಇನ್ನೊಮ್ಮೆ ನೋಡಿದರು. ಆಮೇಲೆ ಬರೆಯುವ ಲೆಕ್ಕಣಿಕೆ ತೊಳೆದಿಟ್ಟು, "ಇದನ್ನ ಮನಿಗೆ ಒಯ್ತೀನಿ ತಂಗೀ" ಎಂದು ರುಮಾಲು ಸುತ್ತಿಕೊಂಡು ಹೊರಟರು.

ಮರುದಿನ ಬರಲಿಲ್ಲ. ಕಣ್ಣು ನೋಯುತ್ತಿದೆ ಎಂದು ಹೇಳಿ ಕಳಿಸಿದರು. ಅದರ ಮರುದಿನವೂ ಇಲ್ಲ. ಗಡುವಿಗೆ ಹನ್ನೊಂದು ದಿನ ಉಳಿದಿತ್ತು, ಹೈದರಾಬಾದಿನ ಪ್ರಯಾಣಕ್ಕೇ ಎರಡು ದಿನ ತೆಗೆದಿಡಬೇಕು. ನಾನು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ತಿರುಗಾಡಿದೆ. ಮೂರನೆಯ ದಿನ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಅವರ ಮನೆಗೇ ಹೋದೆ.

ಬಾಗಿಲಲ್ಲಿ ಕಾಕಾರ ಹೆಂಡತಿ, ನಮ್ಮ ಕಾಕು, ಸಿಕ್ಕರು. "ಕಣ್ಣಿಗೇನೂ ಆಗಿಲ್ಲ ಯವ್ವಾ. ಎರಡ ದಿನಾ ಆತು, ಒಂದ ಕಾಗದಾ ಹಿಡಕೊಂಡು ಕುಂತಾರ. ರೊಟ್ಟಿ ಮುಟ್ಟವಲ್ರು" ಎಂದರು.

ಒಳಗೆ ಕಾಕಾ ಕಿಟಕಿಯ ಕೆಳಗೆ ಕೂತಿದ್ದರು. ನಾನು ಏನಾದರೂ ಕೇಳುವ ಮೊದಲೇ, "ಇದನ್ನ ಬರದಾವ ನಾನು" ಎಂದರು. ನನಗೆ ತಿಳಿಯಲಿಲ್ಲ.

"ಈ ನಕಲು, ತಂಗೀ. ನನ್ನ ಕೈದು. ಇಪ್ಪತ್ತ ವರ್ಷದಾಂವ ಇದ್ದೆ ಆಗ. ಇಲ್ಲಿ ನೋಡು. ಗುಡಿಯಿಂದ ತೋಪಿನ ತನಕಾ ಅಂತೈತಿ. ಕೆರಿ ಎಲ್ಲಿಂದ ಎಲ್ಲಿ ತನಕಾ ಹೋಗ್ತೈತಿ? ಕೆರಿ ಇದ್ದಲ್ಲೇ ಇರ್ತೈತಿ. ಹೋಗೂದು ಗೆರಿ."

ಉರ್ದು ಓದದವರಿಗೆ ಇದನ್ನು ಹೇಳಬೇಕು. ಉರ್ದುವಿಗೂ ಫಾರ್ಸಿಗೂ ಲಿಪಿ ಒಂದೇ, ಅದರಲ್ಲಿ ಕ ಮತ್ತು ಗ ಅಕ್ಷರಗಳ ಮೈಯೂ ಒಂದೇ. ತಲೆಯ ಮೇಲೆ ಒಂದು ಓರೆಗೆರೆ ಎಳೆದರೆ ಕ, ಎರಡು ಎಳೆದರೆ ಗ. ಒಂದು ಗೆರೆ ಬಿಟ್ಟುಹೋದರೆ ಗೆರೆ ಎಂಬುದು ಕೆರೆಯಾಗುತ್ತದೆ. ಉರ್ದು ಮಾತ್ರ ಬಲ್ಲವನಿಗೆ ಎರಡೂ ಅರ್ಥವಿಲ್ಲದ ಶಬ್ದಗಳೇ, ಕನ್ನಡ ಮಾತ್ರ ಬಲ್ಲವನು ಆ ಕಾಗದವನ್ನು ಮುಟ್ಟುವುದೇ ಇಲ್ಲ. ಎರಡನ್ನೂ ಬಲ್ಲ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು.

"ಮೂಲದಾಗ ಎರಡ ಗೆರಿ ಇದ್ವು ಅನಸ್ತೈತಿ" ಎಂದರು ಕಾಕಾ. "ಕಾಗದದ ಮಡಿಕಿ ಮ್ಯಾಲೆ ಇತ್ತು ಆ ಅಕ್ಷರ. ನಾ ಒಂದ ಹಾಕೀನಿ."

"ಅನಸ್ತೈತಿ ಅಂದ್ರ? ಖರೇ ಗೊತ್ತೈತೇನ್ರಿ ನಿಮಗ?"

"ಇಲ್ಲ. ಗೊತ್ತಿದ್ರ ಅವತ್ತ ಹೇಳ್ತಿದ್ದೆ. ನೆನಪ ಮಾಡ್ಕೊಳ್ಳಾಕತ್ತೀನಿ."

ನನಗೆ ಅಳು ಬರಬೇಕಾಗಿತ್ತು, ಸಿಟ್ಟು ಬಂತು. "ಮುಂದಿನ ವಾರ ನೆನಪಾಗೂದಿತ್ತಲ್ರಿ!" ಎಂದುಬಿಟ್ಟೆ. ಅಪ್ಪನಿಗಿಂತ ಹಿರಿಯರಿಗೆ ಹಾಗೆ ಮಾತಾಡಿದ್ದಕ್ಕೆ ಅವ್ವ ನನ್ನ ತೋಳು ಚಿವುಟಿದಳು. ಆದರೂ ಅವಳ ಮನಸ್ಸಿನಲ್ಲೂ ಅದೇ ಇತ್ತು. "ಒಂದ ಗೆರಿಗೆ ಇಷ್ಟ್ಯಾಕ ರಂಪಾಟ?" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಮೂಲ ಸನದು ಹೈದರಾಬಾದಿನ ಯಾವ ಕಪಾಟಿನಲ್ಲಿತ್ತೋ ದೇವರಿಗೇ ಗೊತ್ತು. ಉಳಿದ ದಾರಿ ಒಂದೇ, ಊರಿಗೆ ಹೋಗಿ ನೋಡುವುದು. ಅಪ್ಪ, ಕಾಕಾ, ನಾನು ಮೂವರೂ ಯಲಬುರ್ಗಾದ ಬಸ್ಸು ಹತ್ತಿದೆವು. ಪೆಟ್ರೋಲು ಇಲ್ಲದ ಕಾಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕು. ನಾನು ಹಾಗೆ ಇಳಿದಾಗಲೆಲ್ಲ ದಿನಗಳನ್ನು ಎಣಿಸುತ್ತಿದ್ದೆ. ಯಲಬುರ್ಗಾದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಚಕ್ಕಡಿಯಲ್ಲಿ ಆ ಊರು ಮುಟ್ಟಿದೆವು.

ಗುಡಿ ಇತ್ತು. ದೂರದಲ್ಲಿ ಹುಣಸೆ ಮರಗಳೂ ಇದ್ದವು. ನಡುವೆ ಎರೆಹೊಲ, ಜೋಳದ ಕೊಯ್ಲು ನಡೆದಿತ್ತು. ನನ್ನ ಕೆರೆಯ ಏರಿ ಇರಬೇಕಾದ ಜಾಗದಲ್ಲಿ ಒಬ್ಬ ಮುದುಕಿ ಕುಡುಗೋಲು ಹಿಡಿದು ನಿಂತಿದ್ದಳು. ಇಲ್ಲಿ ಹಿಂದೆ ಕೆರೆ ಇತ್ತೇ ಎಂದು ಅಪ್ಪ ಕೇಳಿದ. ಅವಳು ಅಪ್ಪನನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದಳು.

"ಕೆರೀನಾ? ನಮ್ಮೂರಾಗಾ? ಯಪ್ಪಾ, ಕೆರಿ ಇದ್ದಿದ್ರ ನನ್ನ ನೆತ್ತಿ ಯಾಕ ಹಿಂಗ ಆಗತಿತ್ತು!" ಎಂದು ಸೆರಗು ಸರಿಸಿ ತೋರಿಸಿದಳು. ಕೊಡ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದು ಬೋಳಾಗಿತ್ತು. "ನಾ ಮದಿವ್ಯಾಗಿ ಬಂದಾಗಿಂದ ಹಳ್ಳದ ನೀರ ಹೊರಾಕತ್ತೀನಿ. ನಮ್ಮತ್ತೀದೂ ಹಿಂಗ ಇತ್ತು, ಆಕಿ ಅತ್ತೀದೂ ಹಿಂಗ ಇತ್ತಂತ."

ಅವಳು ನಕ್ಕಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಾಗಿತ್ತು ನನ್ನ ಮತ್ತು ನನ್ನ ಪ್ರೊಫೆಸರರ ಸಂಶೋಧನೆ. ಕಾಕಾ ಮಾತ್ರ ಮೆಲ್ಲಗೆ, "ಗೆರಿ ಏನರ ಐತೇನವಾ?" ಎಂದು ಕೇಳಿದರು.

"ಗೆರಿ ಐತಿ. ಗೆರಿಕಲ್ಲು ಅಂತೀವಿ. ಗುಡಿ ತಾವ ಶುರು ಆಕ್ಕಾವು, ಅಕಾ ಆ ಹುಣಸಿ ಗಿಡದ ತನಕಾ. ದೇವರ ಹೊಲ ಅತ್ಲಾಗ, ನಮ್ಮ ಹೊಲ ಇತ್ಲಾಗ."

ಕಾಕಾ ಆ ಕಲ್ಲುಗಳ ಗುಂಟ ನಡೆದುಹೋದರು. ಅರ್ಧ ಮಣ್ಣಿನಲ್ಲಿ ಹೂತ ಕಲ್ಲುಗಳು. ಒಂದೊಂದನ್ನೂ ಬಗ್ಗಿ ಮುಟ್ಟುತ್ತ ಹುಣಸೆ ಮರದವರೆಗೂ ಹೋಗಿ ಬಂದರು. ಬಿಸಿಲಿಗೆ ಮುಖ ಕಪ್ಪಾಗಿತ್ತು. "ಎರಡೂ ಗೆರಿ ಇದ್ವು ತಂಗೀ" ಎಂದರು.

ಕೊಪ್ಪಳಕ್ಕೆ ಬಂದಾಗ ಗಡುವಿಗೆ ಎಂಟು ದಿನ. ಪ್ರಯಾಣ ಕಳೆದರೆ ಆರು. ಕೆರೆಯನ್ನು ಉಳಿಸಿಕೊಂಡರೆ ಕೆಲಸ ಸುಲಭವಿತ್ತು. ಕೆರೆಯ ಮಾತು ತೆಗೆದರೆ ಮೂರನೆಯ ಅಧ್ಯಾಯವಷ್ಟೇ ಹೋಗುವುದಲ್ಲ, ಅದನ್ನು ನಂಬಿ ಬರೆದ ನಾಲ್ಕು ಮತ್ತು ಐದನೆಯವನ್ನೂ ಹೊಸದಾಗಿ ಕಟ್ಟಬೇಕು. ಉಳಿದದ್ದು ಮೂವತ್ತೆರಡೇ ಹಾಳೆ. ಕರಡು ಬರೆಯಲೂ ಕಾಗದವಿಲ್ಲ.

ಅಪ್ಪ ವಕೀಲನ ಹಾಗೇ ಮಾತಾಡಿದ. "ಕಾಗದ ಕೆರಿ ಅಂತೈತಿ. ಅದಕ್ಕ ಎದುರು ಸಾಕ್ಷಿ ಏನೈತಿ? ಒಬ್ಬಾಕಿ ಮುದುಕಿ, ಒಂದ ಸಾಲ ಕಲ್ಲು. ಹೈದರಾಬಾದಿನಾಗ ಕೇಳಾವ್ರು ಯಾರು?" ಎಂದ. ಸ್ವಲ್ಪ ತಡೆದು, "ಪುಸ್ತಕ ನಿಂದು, ನೀನ ನೋಡು" ಎಂದು ಎದ್ದು ಹೋದ.

ಒಂದು ಇಡೀ ದಿನ ನಾನು ಏನೂ ಮಾಡಲಿಲ್ಲ. ಈಗ ಬರೆಯಲು ನಾಚಿಕೆಯೇನಿಲ್ಲ, ನನಗೆ ಆ ಸುಳ್ಳು ಬೇಕಾಗಿತ್ತು. ಮುದುಕಿಯ ನೆತ್ತಿಯನ್ನು ಮರೆತು ಎಂ.ಎ. ತರಗತಿಯ ಬಾಗಿಲನ್ನೇ ನೆನೆಯುತ್ತ ಕೂತೆ. ಮರುದಿನ ಮಧ್ಯಾಹ್ನ ಕಾಕಾ ಬಂದು ರುಮಾಲು ತೆಗೆದಿಟ್ಟು ಕೂತಾಗ ನಾನು ಹೇಳಿದೆ:

"ಕಾಕಾ, ಹೆಂಗೈತೋ ಹಂಗ ಬರೀರಿ. ನಕಲು ಅಂದ್ರ ನಕಲು ಅಂತೀರಲ್ಲ ನೀವ."

ಅವರು ನನ್ನನ್ನು ನೋಡಲಿಲ್ಲ. "ಆತು" ಎಂದರು. ಹೊಸ ಹಾಳೆ ತೆಗೆದುಕೊಂಡರು. ಸನದಿನ ಸಾಲು ಬರೆಯತೊಡಗಿದರು. ಗುಡಿ ಬಂತು, ತೋಪು ಬಂತು. ಆ ಅಕ್ಷರದ ಮೈ ಬರೆದು, ತಲೆಯ ಮೇಲೆ ಒಂದು ಗೆರೆ ಎಳೆದರು. ಲೆಕ್ಕಣಿಕೆ ಅದ್ದಿ, ಹಾಳೆಯ ಮೇಲೆ ಒಂದು ಗೇಣು ಎತ್ತಿ ಹಿಡಿದು ನಿಲ್ಲಿಸಿದರು.

"ಇನ್ನೊಂದ ಗೆರಿ ಹಾಕ್ಲೋ, ಬ್ಯಾಡೋ? ಹೇಳು."

ಲೆಕ್ಕಣಿಕೆಯ ತುದಿಯಲ್ಲಿ ಶಾಯಿ ಹನಿಗಟ್ಟುತ್ತಿತ್ತು. ಬಿದ್ದರೆ ಹಾಳೆ ಕೆಡುತ್ತದೆ. ಅವರ ಕೈ ಮಾತ್ರ ಅಲುಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು. ಅವಳಿಗೆ ಒಂದಕ್ಷರ ಬಾರದು. ಆದರೂ ಏನು ನಡೆದಿದೆ ಎಂದು ಅವಳಿಗೆ ಗೊತ್ತಾಗಿತ್ತು ಎಂದೇ ನನ್ನ ನಂಬಿಕೆ.

"ಹಾಕ್ರಿ" ಎಂದೆ.

ಕಾಕಾ ಎರಡನೆಯ ಗೆರೆ ಎಳೆದರು. ಆಮೇಲೆ ನನಗೆ ಅಳು ಬಂತು. ಅವ್ವ ಒಳಗೆ ಹೋಗಿ ಇಬ್ಬರಿಗೂ ಚಹಾ ತಂದಿಟ್ಟಳು. ಯಾರೂ ಕುಡಿಯಲಿಲ್ಲ.

ಮುಂದಿನ ಐದು ದಿನ ಹೇಗೆ ಕಳೆದೆವೆಂದು ಸರಿಯಾಗಿ ನೆನಪಿಲ್ಲ... ಕರಡು ಇಲ್ಲ, ನಾನು ನಿಂತುಕೊಂಡು ಹೇಳುವುದು, ಅವರು ನೇರವಾಗಿ ಒಳ್ಳೆಯ ಹಾಳೆಗೇ ಇಳಿಸುವುದು. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಪ್ರತಿ ವಾಕ್ಯವನ್ನೂ ಬಾಯಲ್ಲಿ ಹತ್ತು ಸಲ ತಿರುವಿ ಹೇಳುತ್ತಿದ್ದೆ. ಇಪ್ಪತ್ತು ಪುಟದ ಕೆರೆ ಮೂರು ಪುಟಕ್ಕೆ ಇಳಿಯಿತು: ಇಲ್ಲದ ಕೆರೆಯೊಂದು ಕಾಗದದ ಮೇಲೆ ಹೇಗೆ ಹುಟ್ಟಿತು ಎಂಬ ಕಥೆ. ಅದಕ್ಕೊಂದು ಅಡಿಟಿಪ್ಪಣಿ ಹೇಳಿದೆ, 'ನಕಲುಗಾರನ ಕೈತಪ್ಪಿನಿಂದ ಒಂದು ಗೆರೆ ಬಿಟ್ಟುಹೋಗಿದೆ' ಎಂದು. ಹೇಳುವಾಗ ನಾನು ಗೋಡೆ ನೋಡುತ್ತಿದ್ದೆ. ಯಾರ ಹೆಸರನ್ನೂ ಹೇಳಲಿಲ್ಲ. ಅವರೂ ತಲೆಯೆತ್ತದೆ ಬರೆದುಕೊಂಡರು.

ಹೊರಡುವ ದಿನ ಬೆಳಿಗ್ಗೆ ಕಾಕಾ ಹಾಳೆಗಳನ್ನು ತಾವೇ ದಾರದಿಂದ ಹೊಲಿದು, ಬಟ್ಟೆ ಸುತ್ತಿ ಕೊಟ್ಟರು. ಬಿಚ್ಚಿ ಓದಲು ಹೊತ್ತಿರಲಿಲ್ಲ. ಅಪ್ಪ ಅದನ್ನು ಎದೆಗವಚಿಕೊಂಡು ನನ್ನ ಜೊತೆ ರೈಲು ಹತ್ತಿದ. ಗಡುವಿನ ದಿನ ಮಧ್ಯಾಹ್ನ ಅದನ್ನು ಕಾಲೇಜಿನ ಮೇಜಿನ ಮೇಲೆ ಇಟ್ಟೆ.

ತಿಂಗಳ ಮೇಲೆ ಮೌಖಿಕ ಪರೀಕ್ಷೆ. ಪರೀಕ್ಷಕರಲ್ಲಿ ಹಿರಿಯರೊಬ್ಬರು ಹಾಳೆ ತಿರುವುತ್ತ ಮೂರನೆಯ ಅಧ್ಯಾಯಕ್ಕೆ ಬಂದು ನಿಂತರು. ಈ ಟಿಪ್ಪಣಿಯನ್ನು ಯಾರು ಬರೆದದ್ದು ಎಂದು ಕೇಳಿದರು. ನಾನೇ ಎಂದೆ. ಹಾಗಾದರೆ ಓದು ಎಂದು ಪುಟವನ್ನು ನನ್ನ ಕಡೆ ತಿರುಗಿಸಿದರು. ನಾನು ಹೇಳಿದ ವಾಕ್ಯವಿತ್ತು. ಅದರ ಕೆಳಗೆ ಅದೇ ಮುತ್ತಿನಂಥ ಅಕ್ಷರದಲ್ಲಿ ಕಾಕಾ ತಮ್ಮ ಹೆಸರು, ತಂದೆಯ ಹೆಸರು, ಓಣಿ, ಊರು ಎಲ್ಲ ಬರೆದು ಹೀಗೆ ಸೇರಿಸಿದ್ದರು: 'ಆ ನಕಲುಗಾರ ನಾನೇ. ಈ ಪ್ರತಿ ಬರೆದವನೂ ನಾನೇ.'

ಜೀವಮಾನದಲ್ಲಿ ಮುಂದಿರುವ ಕಾಗದದಲ್ಲಿ ಇಲ್ಲದ್ದನ್ನು ಅವರು ಬರೆದದ್ದು ಅದೊಂದೇ ಸಲ ಇರಬೇಕು. ನನಗೆ ಗಟ್ಟಿಯಾಗಿ ಓದಲಾಗಲಿಲ್ಲ, ಪುಟವನ್ನು ಅವರ ಕಡೆಗೇ ತಿರುಗಿಸಿದೆ. ಪರೀಕ್ಷಕರು ಹೆಚ್ಚು ಕೇಳಲಿಲ್ಲ.

ಆನರ್ಸ್ ಬಂತು, ಎರಡನೆಯ ದರ್ಜೆಯಲ್ಲಿ. ಪ್ರೊಫೆಸರ್ ಸಾಹೇಬರು, ಒಂದು ಕೆರೆ ಕಳೆದುಕೊಂಡೆಯಲ್ಲ ಎಂದು ಪೇಚಾಡಿಕೊಂಡರು. ಆದರೂ ಎಂ.ಎ.ಗೆ ಬಾಗಿಲು ತೆರೆಯಿತು. ದೊಡ್ಡಪ್ಪ ಮಾತಿಗೆ ತಪ್ಪುವವನಲ್ಲ. ಗಂಗಾವತಿಯವರಿಗೆ ಇಲ್ಲವೆಂದು ಹೇಳಿ ಕಳಿಸಿದ.

ಅಪ್ಪ ಖುಷಿಗೆ ಊರಿನ ವಕೀಲರನ್ನೆಲ್ಲ ಹೋಳಿಗೆ ಊಟಕ್ಕೆ ಕರೆದ. ಆ ಊಟದಲ್ಲಿ ನಾನು ಕಥೆ ಹೇಳಿದೆ. ಕೈ ಮಾಡಿ, ದನಿ ಮಾಡಿ, ಕಾಕಾ ಲೆಕ್ಕಣಿಕೆ ಎತ್ತಿ ಹಿಡಿದದ್ದನ್ನು ತೋರಿಸಿ, ಟಿಪ್ಪಣಿಯನ್ನು ಬಾಯಿಪಾಠ ಒಪ್ಪಿಸಿ ಹೇಳಿದೆ. ಇಂಥ ಪ್ರಾಮಾಣಿಕರು ನಿಮ್ಮಲ್ಲಿ ಯಾರಿದ್ದೀರಿ ಎಂಬ ಗತ್ತಿನಲ್ಲಿ ಹೇಳಿದೆ. ಎಲ್ಲರೂ ತಲೆದೂಗಿದರು, ನಕ್ಕರು. ಕಾಕಾ ಪಂಕ್ತಿಯ ಕೊನೆಗೆ ಕೂತು ಎಲೆಯ ಕಡೆ ನೋಡುತ್ತ ಉಣ್ಣುತ್ತಿದ್ದರು. ಅದಾದ ಮೇಲೆ ನಾನು ಹೈದರಾಬಾದಿಗೆ ಹೋದೆ.

ದಸರೆಯ ರಜೆಗೆ ಬಂದಾಗ ಪಡಸಾಲೆಯಲ್ಲಿ ಬೇರೆ ಮುನಶಿ ಕೂತಿದ್ದ. ನಾನು ಅವ್ವನನ್ನು ಕೇಳಿದೆ. ಅವಳು ಒಳಗೆ ಕರೆದೊಯ್ದು ಹೇಳಿದಳು: ನಾನು ಹೋದ ತಿಂಗಳೊಳಗೇ ಕೋರ್ಟಿನಲ್ಲಿ ಎದುರು ವಕೀಲನೊಬ್ಬ ಕಾಕಾರ ಕೈಯ ನಕಲೊಂದನ್ನು ಎತ್ತಿ ಹಿಡಿದು, "ಇದರಾಗ ಎಷ್ಟ ಗೆರಿ ಬಿಟ್ಟಾರ ಅಂತ ಮೊದಲ ಕೇಳ್ರಿ" ಎಂದಿದ್ದನಂತೆ. ಕೋರ್ಟೆಲ್ಲ ನಕ್ಕಿತಂತೆ. ಅಂದಿನಿಂದ ಊರಲ್ಲಿ ಅವರಿಗೆ 'ಗೆರಿ ಮುನಶಿ' ಎಂಬ ಹೆಸರು ಬಿತ್ತು. ಕಕ್ಷಿದಾರರು ಬೇರೆಯವರ ಕೈಯಿಂದ ನಕಲು ಮಾಡಿಸಿರಿ ಎಂದು ಅಪ್ಪನನ್ನು ಕೇಳತೊಡಗಿದರು. ಅಪ್ಪ ಒಪ್ಪಲಿಲ್ಲ. ಕಾಕಾ ತಾವಾಗಿಯೇ ಒಂದು ದಿನ ಶಾಯಿಯ ದೌತಿ, ಲೆಕ್ಕಣಿಕೆ ಎತ್ತಿಕೊಂಡು, "ನನ್ನಿಂದ ನಿಮ್ಮ ಕೇಸು ಕೆಡಬಾರದ್ರಿ" ಎಂದು ಹೋದರಂತೆ. ನಲವತ್ತು ವರ್ಷದ ಕೈಬರಹದಲ್ಲಿ ಬಿಟ್ಟುಹೋದದ್ದು ಒಂದೇ ಗೆರೆ. ಅದನ್ನು ಊರಿಗೆ ಹಂಚಿದವಳು ನಾನು.

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು" ಎಂದಳು ಅವ್ವ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದೇ ಸಂಜೆ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಲ್ಲಿ ಕೂಡಿಸಿಕೊಂಡೇ ಹೋದೆ. ಕಾಕಾ ಕಟ್ಟೆಯ ಮೇಲೆ ಬರಿಗೈಯಲ್ಲಿ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಬಾ ತಂಗೀ, ಕುಂದ್ರು. ಈಗೇನ ಬರಿಯಾಕತ್ತಿ?" ಎಂದರು. ನಾನು ಹೇಳತೊಡಗಿದೆ. ಎಂ.ಎ. ತರಗತಿ, ಹೊಸ ವಿಷಯ, ಹೈದರಾಬಾದಿನ ಗ್ರಂಥಾಲಯ... ಒಂದು ತಾಸು ಮಾತಾಡಿದೆ. ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ನಡುವೆ ಒಂದು ಶಬ್ದವನ್ನು ಹೇಗೆ ಬರೆಯುತ್ತಾರೆಂದು ಕೇಳಿ, ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದರು. ಕಾಕು ಚೂಡಾ ತಂದುಕೊಟ್ಟರು, ತಿಂದೆ. ಕತ್ತಲಾಯಿತೆಂದು ಎದ್ದು ಬಂದೆ.

ಮುಂದಿನ ಬೇಸಿಗೆಯಲ್ಲಿ ಅಪ್ಪನ ಕಾಗದ ಬಂತು. ನಾಲ್ಕು ದಿನದ ಜ್ವರದಲ್ಲಿ ಕಾಕಾ ತೀರಿಕೊಂಡರಂತೆ... ಪರೀಕ್ಷೆ ನಡೆದಿತ್ತು, ನಾನು ಹೋಗಲಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾಲೇಜಿಗೆ ಬರೆದು ನನ್ನ ಮಕಾಲಾ ಇದೆಯೇ ಎಂದು ವಿಚಾರಿಸಿದೆ. ಹುಡುಕಿ ನೋಡಿದರಂತೆ, ಸಿಗಲಿಲ್ಲವಂತೆ. ಇದ್ದದ್ದು ಅದೊಂದೇ ಪ್ರತಿ. ಈಗ ನನಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಈ ಲೇಖನದಲ್ಲಾದರೂ ಅವರ ಹೆಸರು ಬರೆಯಬೇಕೆಂದು ಕೂತೆ, ಆದರೆ ಬರೆಯಲಿಲ್ಲ. ಆ ಹೆಸರನ್ನು ಒಮ್ಮೆ ಊರಿನ ಕೈಗೆ ಕೊಟ್ಟು ನೋಡಿದ್ದೇನೆ. ಅವರಿಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, ತಪ್ಪಾಯಿತು ಕಾಕಾ ಎಂದು. ಅವರ ಎದುರಿಗೆ ಕೂತು ಒಂದು ತಾಸು ಮಾತಾಡಿದೆ. ಅದೊಂದನ್ನು ಬಿಟ್ಟು ಎಲ್ಲ ಹೇಳಿದೆ.